ಅಪ್‌ಡೇಟ್: ಸಿಯಾಟಲ್‌ನ ಆ ಕಡಲಕ್ಕಿ ಮಿಶ್ರತಳಿಯೇ

ಸಿಯಾಟಲ್‌ನಿಂದ ಅಕ್ಕ ಕಳಿಸಿದ್ದ ಗಲ್ ಹಕ್ಕಿಯ ಫೋಟೊ ಹಾಕಿ, ಇದು ವೆಸ್ಟರ್ನ್ ಗಲ್ಲೋ ಗ್ಲಾಕಸ್-ವಿಂಗ್ಡ್ ಗಲ್ಲೋ ಅಂತ ಕೇಳಿದ್ದೆ. ಎರಡೂ ಅಲ್ಲ, ಎರಡರ ಬೆರಕೆ. ಅಲ್ಲಿನವರು ‘ಒಲಿಂಪಿಕ್ ಗಲ್’ ಅನ್ನುತ್ತಾರೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಇವು ಮಾಮೂಲು.

ತೀರ್ಮಾನವಾಗಿದ್ದು ರೆಕ್ಕೆತುದಿಯಿಂದ. ವೆಸ್ಟರ್ನ್‌ನಲ್ಲಿ ತುದಿ ಅಚ್ಚ ಕಪ್ಪು, ಬೆನ್ನು ಗಾಢ ಬೂದು. ಗ್ಲಾಕಸ್-ವಿಂಗ್ಡ್‌ನಲ್ಲಿ ತುದಿಗೂ ಬೆನ್ನಿಗೂ ಒಂದೇ ತಿಳಿಬೂದು. ಇದರದ್ದು ಸ್ಲೇಟಿನ ಬಣ್ಣ: ಬೆನ್ನಿಗಿಂತ ಗಾಢ, ಆದರೆ ಕಪ್ಪಲ್ಲ. ಚಳಿಗಾಲದ ಫೋಟೊ ಆದ್ದರಿಂದ ತಲೆಯೂ ನೆರವಾಯಿತು. ವೆಸ್ಟರ್ನ್ ಆಗಿದ್ದರೆ ಹೆಚ್ಚುಕಡಿಮೆ ಬೆಳ್ಳಗಿರಬೇಕಿತ್ತು. ಇದರ ಕತ್ತಿನವರೆಗೂ ಮಾಸಲು ಕಂದು ಮಚ್ಚೆ. ಕಾಲು ಎರಡರಲ್ಲೂ ಗುಲಾಬಿ, ಅದನ್ನು ನೋಡಿ ಪ್ರಯೋಜನವಿಲ್ಲ.

ಎಡವೋದು ಎಲ್ಲಿ ಅಂದರೆ, ಬೇಸಿಗೆ ಕೊನೆಗೆ ಹಳೇ ಗರಿ ಬಿಸಿಲಿಗೆ ಬಣ್ಣ ಬಿಟ್ಟು, ಅಪ್ಪಟ ವೆಸ್ಟರ್ನ್ ಕೂಡ ಬೆರಕೆಯಂತೆ ಕಾಣುತ್ತೆ. ಕ್ಯಾಮೆರಾದ ಎಕ್ಸ್‌ಪೋಷರ್ ಜಾಸ್ತಿಯಾಗಿ ಫೋಟೊ ಬೆಳ್ಳಗಾದರೂ ಅಷ್ಟೇ. ಹಾಗಾಗಿ ಮೋಡದ ಬೆಳಕಲ್ಲಿ, ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಗಲ್ ಇರುವ ಫೋಟೊ ಬೇಕು. ಈ ಗಲ್‌ಗಳು ಪ್ರಾಯದ ಗರಿಬಣ್ಣಕ್ಕೆ ಬರಲು ಸುಮಾರು ನಾಲ್ಕು ವರ್ಷ. ಹಾಗಾಗಿ ಎಳೆಯ ಹಕ್ಕಿಗಳನ್ನು ಗುರುತಿಸುವ ತಂಟೆಗೆ ಹೋಗದಿರುವುದೇ ವಾಸಿ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆ (ಪೆಲಿಕನ್) ಥರ ಒಂದೇ ನೋಟಕ್ಕೆ ಹೆಸರು ಹೇಳುವ ಹಕ್ಕಿಯಲ್ಲ ಇದು. ಬೆರಕೆಗಳು ಮತ್ತೆ ಮೂಲ ತಳಿಯೊಂದಿಗೇ ಕೂಡುವುದರಿಂದ ಎಷ್ಟನೇ ಪೀಳಿಗೆ ಅನ್ನುವುದು ಫೋಟೊದಿಂದ ಸಿಗುವುದಿಲ್ಲ. ‘ಮಿಶ್ರತಳಿ’ ಅಂತಲೇ ಬರೆದುಕೊಂಡೆ.