ಶಾರ್ಟ್ ಫಿಲ್ಮ್‌ಗೆ ಬಣ್ಣ ಪ್ಲಾನ್ ಮಾಡೋದು ಹೇಗೆ? ಗೋಡೆಗೆ ಪೇಂಟ್ ಹೊಡೆಯೋ ಹಾಗಿಲ್ಲ

ಮೊದಲ_ಟೇಕ್:
ಎಲ್ರಿಗೂ ನಮಸ್ಕಾರ. ಒಂದು ಶಾರ್ಟ್ ಫಿಲ್ಮ್‌ನ ಆರ್ಟ್ ಕೆಲಸ ಪೂರ್ತಿ ನನ್ನ ಮೇಲಿದೆ. ಕತೆ ಇಷ್ಟೇ, ಮಗಳು ಮನೆ ಬಿಟ್ಟು ಹೋದ್ಮೇಲೆ ಅಪ್ಪ ಒಬ್ಬನೇ ಇರ್ತಾನೆ, ಕೊನೇಲಿ ಅವಳು ಒಂದಿನದ ಮಟ್ಟಿಗೆ ವಾಪಸ್ ಬರ್ತಾಳೆ. ಒಂದೇ ಮನೆ, ಎರಡು ರೂಮು. ಅಪ್ಪನ ಒಂಟಿತನ ಬಣ್ಣದಲ್ಲೇ ಗೊತ್ತಾಗ್ಬೇಕು ಅಂತ ಡೈರೆಕ್ಟರ್ ಹೇಳಿದಾರೆ. ಮೂಡ್ ಬೋರ್ಡಲ್ಲಿ (ಸಿನಿಮಾದ ಬಣ್ಣ, ಭಾವ ತೋರಿಸೋ ಚಿತ್ರಗಳ ಹಾಳೆ) ಅಪ್ಪನಿಗೆ ನೀಲಿ, ಮಗಳು ಬಂದಾಗ ಹಳದಿ ಅಂತ ಹಾಕಿದೀನಿ. ಆದ್ರೆ ಮನೆ ಬೇರೆಯವರದ್ದು, ಗೋಡೆ ಪೂರ್ತಿ ಗಿಳಿ ಹಸಿರು, ಪೇಂಟ್ ಮುಟ್ಟೋ ಹಾಗಿಲ್ಲ. ಕ್ಯಾಮೆರಾಮನ್ ಎಲ್ಲಾ ಗ್ರೇಡಿಂಗಲ್ಲಿ, ಅಂದ್ರೆ ಶೂಟಿಂಗ್ ಆದ್ಮೇಲೆ ಕಂಪ್ಯೂಟರಲ್ಲಿ ಬಣ್ಣ ತಿದ್ದುವಾಗ, ಸರಿ ಮಾಡ್ಕೋಬಹುದು ಅಂತಾರೆ, ನಂಗ್ಯಾಕೋ ನಂಬಿಕೆ ಬರ್ತಿಲ್ಲ. ನೀವಾಗಿದ್ರೆ ಎಲ್ಲಿಂದ ಶುರು ಮಾಡ್ತಿದ್ರಿ?

ಕುಂಚ_ಕ್ಯಾಮೆರಾ:
ನಿಮ್ಮ ಅನುಮಾನ ಸರಿಯಾಗೇ ಇದೆ. ಗ್ರೇಡಿಂಗಲ್ಲಿ ಇಡೀ ಫ್ರೇಮನ್ನ ತಣ್ಣಗೆ ಬೆಚ್ಚಗೆ ಮಾಡ್ಬಹುದು, ಆದ್ರೆ ಹಸಿರು ಗೋಡೆಗೆ ಬಡಿದ ಬೆಳಕು ವಾಪಸ್ ಮುಖದ ಮೇಲೆ ಬಿದ್ದಿರುತ್ತಲ್ಲ, ಆ ಹಸಿರನ್ನ ಚರ್ಮದಿಂದ ಬಿಡಿಸೋದು ದೊಡ್ಡ ತಲೆನೋವು. ಅದಕ್ಕೆ ನಟರನ್ನೂ ಸಾಮಾನನ್ನೂ ಗೋಡೆಯಿಂದ ಆದಷ್ಟು ಮುಂದಕ್ಕೆ ತನ್ನಿ, ಗೋಡೆಗೆ ಬೆಳಕು ಬೀಳದ ಹಾಗೆ ನೋಡ್ಕೊಳ್ಳಿ, ಕತ್ತಲಲ್ಲಿ ಗಿಳಿ ಹಸಿರೂ ಪಾಚಿ ಬಣ್ಣಕ್ಕೆ ಇಳಿಯುತ್ತೆ.

ನೀಲಿ ಅಂದ್ರೆ ದುಃಖ ಹಳದಿ ಅಂದ್ರೆ ಖುಷಿ ಅನ್ನೋ ಲೆಕ್ಕ ಮಾತ್ರ ಬಿಟ್ಬಿಡಿ. ಬಣ್ಣ ಕೆಲಸ ಮಾಡೋದು ಪಕ್ಕದಲ್ಲಿ ಏನಿದೆ, ಅದಕ್ಕೂ ಮುಂಚೆ ಕಣ್ಣು ಏನು ನೋಡಿತ್ತು ಅನ್ನೋದರ ಮೇಲೆ. ಫ್ರಾನ್ಸಲ್ಲಿ ಶೆವ್ರುಲ್ ಅಂತ ಒಬ್ಬ ಕೆಮಿಸ್ಟ್ ಇದ್ದ, ಗೊಬೆಲಿನ್ ನೇಯ್ಗೆ ಕಾರ್ಖಾನೇಲಿ ಬಣ್ಣ ಹಾಕೋ ವಿಭಾಗ ನೋಡ್ಕೋತಿದ್ದ. ಕಪ್ಪು ದಾರ ಕಪ್ಪಾಗೇ ಕಾಣಲ್ಲ ಅಂತ ದೂರು ಬಂದಾಗ ನೋಡಿದ್ರೆ ದಾರದಲ್ಲಿ ಏನೂ ದೋಷ ಇಲ್ಲ, ಪಕ್ಕದ ನೀಲಿ ನೇರಳೆ ದಾರಗಳಿಂದ ಅದು ಹಾಗೆ ಮಂಕಾಗಿ ಕಾಣ್ತಿತ್ತು. 1839ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕಾನೇ ಬರೆದ.

ಹಾಗಾಗಿ ಏನು ಸೇರಿಸ್ಲಿ ಅನ್ನೋಕಿಂತ ಮುಂಚೆ ಏನು ತೆಗೀಲಿ ಅಂತ ಯೋಚ್ನೆ ಮಾಡಿ. ಮಗಳು ಬಾಗಿಲು ತೆಗೆಯೋವರೆಗೂ ಹಳದಿ, ಕಿತ್ತಳೆ, ಕೆಂಪು ಫ್ರೇಮಲ್ಲಿ ಎಲ್ಲೂ ಇರಬಾರದು, ಪುಸ್ತಕದ ಬೆನ್ನು, ಬಕೆಟ್, ಕ್ಯಾಲೆಂಡರ್, ಚಪ್ಪಲಿ ಪಟ್ಟಿ, ಸ್ವಿಚ್‌ಬೋರ್ಡಿನ ಕೆಂಪು ಲೈಟ್ ಕೂಡ. ಆಮೇಲೆ ಅವಳು ಮಾಸಲು ಹಳದಿ ಬ್ಯಾಗೊಂದು ತಂದು ಕುರ್ಚಿ ಮೇಲಿಟ್ರೂ ಸಾಕು, ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತೆ. ಆ ಹಸಿರು ಗೋಡೆ ಜೊತೆ ಜಗಳ ಆಡ್ಬೇಡಿ, ಅದನ್ನೇ ಅಪ್ಪನ ಬಣ್ಣ ಮಾಡ್ಕೊಳ್ಳಿ. ಬೂದು ಮಿಶ್ರಿತ ಹಸಿರು ಅಂಗಿ ಹಾಕ್ಸಿ, ಮನುಷ್ಯ ಗೋಡೆ ಒಳಗೆ ಕರಗಿ ಹೋದ ಹಾಗೆ ಕಾಣ್ಲಿ.

ಬೆಳಕಿನ_ಕೆಲಸ:
ಮೇಲಿನವರು ಹೇಳಿದ್ದು ಬಹುತೇಕ ಒಪ್ತೀನಿ, ಆದ್ರೆ ಬೆಚ್ಚನೆ ಬಣ್ಣ ಪೂರ್ತಿ ತೆಗೆದ್ರೆ ಮನೆ ಜನ ಬಾಳಿದ ಮನೆ ಥರ ಕಾಣಲ್ಲ, ಶೋರೂಮ್ ಆಗ್ಬಿಡುತ್ತೆ. ಕಂದು, ಮರದ ಬಣ್ಣ, ತುಕ್ಕಿನ ಬಣ್ಣ ಇರ್ಲಿ ಬಿಡಿ. ಹೊಸ ಸಾಮಾನಿಗೆ ನೀರು ಬೆರೆಸಿದ ಕಂದು ಪೇಂಟ್ ಸವರಿ ಒರೆಸಿದ್ರೆ ಮೂಲೆಗಳಲ್ಲಿ ಕೊಳೆ ಕೂತ ಹಾಗಾಗುತ್ತೆ, ಕೈ ತಾಗೋ ಜಾಗ ಸ್ಯಾಂಡ್‌ಪೇಪರಲ್ಲಿ ಉಜ್ಜಿ. ಅಚ್ಚ ಬಿಳಿ ಬಟ್ಟೆ ಕ್ಯಾಮೆರಾದಲ್ಲಿ ಉರಿದು ಹೋಗುತ್ತೆ, ಟೀ ಡಿಕಾಕ್ಷನಲ್ಲಿ ಅದ್ದಿ ಒಣಗಿಸಿ. ಸಣ್ಣ ಚೌಕಳಿ, ಸಣ್ಣ ಗೆರೆ ಶರ್ಟ್ ಬೇಡವೇ ಬೇಡ, ಡಿಜಿಟಲ್ ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಮಿನುಗುತ್ತೆ.

ನಿಮ್ಮ ಡೈರೆಕ್ಟರ್ ಕೇಳೋ ನೀಲಿ ಬಿಟ್ಟಿಯಾಗೇ ಸಿಗುತ್ತೆ. ಬೆಳಕಿನ ಬಣ್ಣ ಅಳೆಯೋದು ಕೆಲ್ವಿನಲ್ಲಿ, ಅಂಕಿ ಹೆಚ್ಚಾದಷ್ಟೂ ನೀಲಿ, ಕಮ್ಮಿಯಾದಷ್ಟೂ ಹಳದಿ. ಹಗಲ ಬೆಳಕು ಸುಮಾರು 5600 ಕೆಲ್ವಿನ್, ಟಂಗ್‌ಸ್ಟನ್ ದೀಪ (ತಂತಿ ಕಾದು ಉರಿಯೋ ಹಳದಿ ಬಲ್ಬ್) 3200. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನ ಬಿಳಿ ಅಂತ ತಗೋಬೇಕು ಅನ್ನೋ ಸೆಟ್ಟಿಂಗ್) 4300ರ ಸುತ್ತ ಇಟ್ಟು ಅಪ್ಪನ ಸೀನೆಲ್ಲ ಬರೀ ಕಿಟಕಿ ಬೆಳಕಲ್ಲಿ ತೆಗೀರಿ, ಗೋಡೆ ಸೇರಿ ಎಲ್ಲಾ ನೀಲಿ ಕಡೆ ವಾಲುತ್ತೆ. ಮಗಳು ಬಂದು ಟೇಬಲ್ ದೀಪ ಹಾಕಿದ ಕೂಡ್ಲೇ ಅವರಿಬ್ಬರ ಮುಖ ಬೆಚ್ಚಗಾಗುತ್ತೆ, ಹಿಂದಿನ ರೂಮು ಹಾಗೇ ತಣ್ಣಗೆ ಉಳಿಯುತ್ತೆ. ಎಲ್‌ಇಡಿ ಬಲ್ಬ್ ಆದ್ರೆ ಸಿಆರ್‌ಐ (ಆ ಬೆಳಕಲ್ಲಿ ಬಣ್ಣಗಳು ಎಷ್ಟು ಸರಿಯಾಗಿ ಕಾಣುತ್ತೆ ಅನ್ನೋ ಅಳತೆ) 90ಕ್ಕಿಂತ ಮೇಲಿರೋದು ನೋಡಿ ತಗೊಳ್ಳಿ.

ಮೊದಲ_ಟೇಕ್:
ದೀಪದ ಐಡಿಯಾ ತುಂಬಾ ಹಿಡಿಸ್ತು, ಇವತ್ತೇ ಡೈರೆಕ್ಟರ್‌ಗೆ ಹೇಳ್ತೀನಿ. ಅಂಗಿ ಗೋಡೆ ಒಂದೇ ಬಣ್ಣ ಆದ್ರೆ ಅಪ್ಪ ಕಾಣೋದೇ ಇಲ್ವಲ್ಲ ಅನ್ನೋ ಭಯ ಇದೆ. ಮತ್ತೆ ಯಾವ ಪೇಂಟಿಂಗ್ ನೋಡ್ಲಿ?

ಕುಂಚ_ಕ್ಯಾಮೆರಾ:
ಫೋನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಫೋಟೋ ತೆಗೆದು ನೋಡಿ. ಅದ್ರಲ್ಲೂ ಅಂಗಿ, ಗೋಡೆ ಒಂದೇ ಬೂದು ಆಗಿದ್ರೆ ಅಂಗಿ ಸ್ವಲ್ಪ ಗಾಢ ಮಾಡಿ, ಬಣ್ಣ ಹತ್ರ ಇರ್ಲಿ, ಕಪ್ಪು ಬಿಳುಪಿನ ಅಂತರ ಮಾತ್ರ ಉಳೀಲಿ.

ಪೇಂಟಿಂಗ್ ಅಂದ್ರೆ ಡೆನ್ಮಾರ್ಕಿನ ಹ್ಯಾಮರ್‌ಶೋಯಿ ನೋಡ್ಲೇಬೇಕು, ನಿಮ್ಮ ಕತೆಗೆ ಅಂತಲೇ ಬರೆದ ಹಾಗಿದೆ. 1898ರಿಂದ 1909ರವರೆಗೆ ಕೋಪನ್‌ಹೇಗನ್‌ನ ಸ್ಟ್ರಾಂಡ್‌ಗೇಡ್ ಬೀದಿಯ ಮನೇಲಿದ್ದು ಅದೇ ರೂಮುಗಳನ್ನ ಮತ್ತೆ ಮತ್ತೆ ಚಿತ್ರ ಮಾಡಿದಾನೆ. ಬೂದು ಗೋಡೆ, ಅರ್ಧ ತೆರೆದ ಬಾಗಿಲು, ಬೆನ್ನು ತೋರಿಸಿ ನಿಂತ ಹೆಂಡತಿ, ಅಷ್ಟೇ. ಅವನ ಬೂದು ಬಣ್ಣ ಎತ್ಕೊಂಡು ಬರೋಕೆ ಹೋಗ್ಬೇಡಿ. ಕುರ್ಚಿ ಎಲ್ಲಿಟ್ಟಿದಾನೆ, ಒಂದು ಬಾಗಿಲ ಮೂಲಕ ಇನ್ನೊಂದು ರೂಮು ಎಷ್ಟು ಕಾಣುತ್ತೆ, ಎಷ್ಟು ಜಾಗ ಖಾಲಿ ಬಿಟ್ಟಿದಾನೆ, ಅದನ್ನ ನೋಡಿ. ನಿಮ್ಮದೂ ಎರಡು ರೂಮು ತಾನೇ, ಮಗಳ ರೂಮಿನ ಬಾಗಿಲು ಅಪ್ಪನ ಹಿಂದೆ ಕಾಣೋ ಹಾಗೆ ಕುರ್ಚಿ ಇಡೋಕಾಗುತ್ತಾ ಪರೀಕ್ಷೆ ಮಾಡಿ.

ಬೆಳಕಿನ_ಕೆಲಸ:
ಬೆಳಿಗ್ಗೆ ಒಂದು, ಸಂಜೆ ಒಂದು ರೂಮಿನ ಫೋಟೋ ತೆಗೆದು ಇಲ್ಲಿ ಹಾಕಿ, ಕಿಟಕಿ ಯಾವ ಕಡೆ ಇದೆ ಅಂತಾನೂ ಬರೀರಿ. ದೀಪ ಎಲ್ಲಿಟ್ರೆ ಸರಿ ಹೋಗುತ್ತೆ ನೋಡಿ ಹೇಳ್ತೀನಿ.