ಸೋಲಾರ್ ಟ್ಯಾಂಕಿಗೆ ಕಾಪರ್ ಆಕ್ಸೈಡ್ ಪುಡಿ ಹಾಕಬಹುದಾ?

ಪ್ರಶ್ನೆ (ಮೂಡಿಗೆರೆ ಕಡೆಯ ಬೆಳೆಗಾರರು):
ಸಾರ್, ನಮ್ಮನೇಲಿ 200 ಲೀಟರಿನ ಟ್ಯೂಬ್ ಸೋಲಾರ್ ಇದೆ. ಡಿಸೆಂಬರ್ ಬಂತೆಂದರೆ ನೀರು ಬರೀ ಉಗುರುಬೆಚ್ಚಗೆ. ಕಾಫಿ ಕುಯ್ಲಿನ ಸಮಯ, ಮನೆ ತುಂಬ ಜನ, ಮತ್ತೆ ಹಂಡೆ ಒಲೆಗೇ ಸೌದೆ ಒಟ್ಟಬೇಕು. ನ್ಯಾನೋ ಕಾಪರ್ ಆಕ್ಸೈಡ್, ಅಂದರೆ ಅತಿ ಸೂಕ್ಷ್ಮ ಕಪ್ಪು ಪುಡಿ, ಕಲಸಿದ ನೀರು ಬಿಸಿಲನ್ನು ಜಾಸ್ತಿ ಹೀರುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಟ್ಯಾಂಕಿಗೆ ಹಾಕಬಹುದಾ?

ಉತ್ತರ (ಹಾಸನದ ಮೆಕ್ಯಾನಿಕಲ್ ಇಂಜಿನಿಯರ್):
ದಯವಿಟ್ಟು ಹಾಕಬೇಡಿ ಸಾರ್. ಟ್ಯೂಬಿನಲ್ಲಿ ಕಾಯುವ ನೀರೇ ನಿಮ್ಮ ಬಚ್ಚಲಿಗೆ ಬರುವುದು. ಆ ಪುಡಿ ಮೈಮೇಲೆ ಸುರಿದುಕೊಳ್ಳುವಂಥದ್ದಲ್ಲ. ಒಣ ಪುಡಿ ಉಸಿರಿನಲ್ಲಿ ಹೋದರೂ ಕೆಟ್ಟದ್ದು.

ವಿಡಿಯೋದವರು ಹೇಳಿದ್ದು ಸುಳ್ಳಲ್ಲ. ತಿಳಿನೀರಿನಲ್ಲಿ ಬೆಳಕು ಬಹುಪಾಲು ಹಾಗೇ ಹಾದು ಹೋಗುತ್ತದೆ. ಗಾತ್ರದ ಲೆಕ್ಕದಲ್ಲಿ (ತೂಕದ್ದಲ್ಲ) ನೂರರಲ್ಲಿ 0.01 ಪಾಲು ಕಪ್ಪು ಕಣ ಬೆರೆತರೂ ಸಾಕು, ಬೆಳಕು ನೀರಿನೊಳಗೇ ಸಿಕ್ಕಿಬಿದ್ದು ಶಾಖವಾಗುತ್ತದೆ. ನಿಮ್ಮ 200 ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 125 ಗ್ರಾಂ ಪುಡಿ, ಅಷ್ಟೇ. ಆದರೆ ಇದು ದ್ರವಕ್ಕೇ ನೇರವಾಗಿ ಬಿಸಿಲು ಬೀಳುವ ಪಾರದರ್ಶಕ ಗಾಜಿನ ಕೊಳವೆಗೆ ಹೊಂದುವ ಉಪಾಯ. ನಿಮ್ಮದು ಜೋಡಿ ಗಾಜಿನ ಟ್ಯೂಬ್. ಒಳಗಾಜಿನ ಮೇಲೆ ಕಪ್ಪು ಲೇಪನ ಇದೆ, ಒಳಗೆ ಬಂದ ಬಿಸಿಲಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚನ್ನು ಅದೇ ಹಿಡಿದುಬಿಡುತ್ತದೆ. ಅದರಾಚೆ ನೀರಿರುವುದು ಕತ್ತಲಲ್ಲಿ. ಕತ್ತಲಲ್ಲಿರುವ ನೀರನ್ನು ಸುಮ್ನೆ ಕಪ್ಪು ಮಾಡಿ ಏನು ಬಂತು?

ಪ್ರಶ್ನೆ (ಚಿಕ್ಕಮಗಳೂರಿನ ವಿದ್ಯಾರ್ಥಿನಿ):
ಸರ್, ಇಂಥದ್ದೇ ಬಿಸಿಲು ಹೀರುವ ದ್ರವದ ನಮ್ಮ ಪ್ರಾಜೆಕ್ಟಿಗೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್ ಪುಡಿ) ತಗೊಂಡಿದ್ದೇವೆ. ಆಗುತ್ತಾ?

ಉತ್ತರ:
ಅಲ್ಯೂಮಿನಾ ಬಿಳಿ ಕಣಮ್ಮ. ಅದು ಬೆಳಕನ್ನು ಹೀರುವುದಕ್ಕಿಂತ ಚದುರಿಸುವುದೇ ಜಾಸ್ತಿ. ಕಾಪರ್ ಆಕ್ಸೈಡೋ ಕಪ್ಪು ಐರನ್ ಆಕ್ಸೈಡೋ ತಗೊಳ್ಳಿ. ಹೀಗೆ ಅತಿ ಸೂಕ್ಷ್ಮ ಕಣ ಬೆರೆಸಿದ ದ್ರವಕ್ಕೆ ನ್ಯಾನೋಫ್ಲೂಯಿಡ್ ಅನ್ನುವ ಹೆಸರು ಕೊಟ್ಟವರು ಅಮೆರಿಕದ ಆರ್ಗಾನ್ ಲ್ಯಾಬಿನ ಸ್ಟೀಫನ್ ಚೋಯ್, 1995ರಲ್ಲಿ. ಅವರ ತಲೆಯಲ್ಲಿ ಇದ್ದದ್ದು ಶಾಖ ಸಾಗಿಸುವ ವಿಷಯ. ಅಲ್ಲಿ ಅಲ್ಯೂಮಿನಾ ನಡೆಯುತ್ತದೆ. ಬಿಸಿಲು ಹೀರುವುದು ಬೇರೆ ಕೆಲಸ.

ನಿಜವಾದ ತಲೆನೋವು ಗಸಿ. ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿ ತಳ ಸೇರುತ್ತವೆ. ಅಲ್ಟ್ರಾಸೌಂಡಿನಲ್ಲಿ ಕದಡಿ ಬಾಟಲಿಗೆ ತುಂಬಿ, ಕಿಟಕಿ ಹತ್ತಿರ ಒಂದು ವಾರ ಇಟ್ಟು ನೋಡಿ. ಮೇಲೆ ತಿಳಿ, ಕೆಳಗೆ ಕಪ್ಪು ಪಟ್ಟಿ, ಥೇಟ್ ಲೋಟದ ತಳದ ಕಾಫಿ ಗಸಿ. ಗಂಟಾಗದಿರಲಿ ಅಂತ ಸೋಪಿನಂಥ ರಾಸಾಯನಿಕ ಸೇರಿಸುತ್ತಾರೆ. ಅದೂ 60-70 ಡಿಗ್ರಿ ದಾಟಿದರೆ ಹಿಡಿತ ಬಿಡುತ್ತದೆ. ಸೋಲಾರಿನಲ್ಲಿ ನಮಗೆ ಬೇಕಾದ ಬಿಸಿಯೇ ಅದು, ಅಲ್ವಾ?

ಅಂದ ಹಾಗೆ, 2019ರಲ್ಲಿ ಇಟಲಿಯವರು ಲೋಹದ ಕಣ ಬಿಟ್ಟು ಕಾಫಿಯನ್ನೇ ಈ ಕೆಲಸಕ್ಕೆ ಹಚ್ಚಿದ್ದರು. ಅರೇಬಿಕಾ ಡಿಕಾಕ್ಷನ್, ಹೆಪ್ಪುಗಟ್ಟದಿರಲು ಗ್ಲಿಸರಾಲ್, ಪಾಚಿ ಬೂಸ್ಟು ಹಿಡಿಯದಿರಲು ಮೈಲುತುತ್ತ. ನಮ್ಮ ತೋಟದಲ್ಲಿ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುತ್ತೇವಲ್ಲ, ಅದೇ. ಚಿಕ್ಕಮಗಳೂರಿನವರು ನೀವು ಇದನ್ನು ಬಿಟ್ಟು ಅಲ್ಯೂಮಿನಾ ಹಿಂದೆ ಹೋಗಿದ್ದೀರಲ್ಲ!

ಮೂಡಿಗೆರೆ ಸಾರ್, ಡಿಸೆಂಬರಿನಲ್ಲೇ ತೊಂದರೆ ಅಂದಿರಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ಮನೆಯ ದಕ್ಷಿಣಕ್ಕೆ ಮರ ಇದೆಯಾ?

ಮೂಡಿಗೆರೆಯವರು:
ಎರಡು ಸಿಲ್ವರ್ ಓಕ್ ಮರ ಇವೆ ಸಾರ್. ಹತ್ತು ಗಂಟೆವರೆಗೂ ಟ್ಯೂಬಿನ ಮೇಲೆ ನೆರಳು. ಮೆಣಸು ಹಬ್ಬಿದೆ, ಕಡಿಯೋಕೆ ಮನಸ್ಸಿಲ್ಲ.

ಉತ್ತರ:
ಕಡಿಯಬೇಡಿ. ರೆಂಬೆ ಸವರಿಸಿ ನೋಡಿ. ಆಗದಿದ್ದರೆ ಸ್ಟ್ಯಾಂಡನ್ನೇ ಕಾಫಿ ಒಣಗಿಸುವ ಕಣದ ಕಡೆಗೆ ಜರುಗಿಸಿ, ಅಲ್ಲಿ ಹೇಗೂ ಇಡೀ ದಿನ ಬಿಸಿಲು.