ಸ್ಲೋ ಕುಕರ್ ಬೀಫ್: ಕ್ರೀಮ್ ಒಡೆದುಹೋಗಿದೆ, ಗ್ರೇವಿ ನೀರು ನೀರು, ಏನು ಮಾಡಲಿ?

ಪ್ರಶ್ನೆ:
ರಾತ್ರಿ ಊಟಕ್ಕೆ ಅಣಬೆ ಹಾಕಿ ಕ್ರೀಮ್ ಬೀಫ್ ಮಾಡೋಣ ಅಂತ ಬೆಳಗ್ಗೆ ಎಲ್ಲವನ್ನೂ ಸ್ಲೋ ಕುಕರಿಗೆ (ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟ್ ಪಾತ್ರೆ) ಒಟ್ಟಿಗೆ ಹಾಕಿ ‘ಲೋ’ ಸೆಟ್ಟಿಂಗ್‌ನಲ್ಲಿ 8 ಗಂಟೆ ಇಟ್ಟಿದ್ದೆ. ಈಗ ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಚೂರುಗಳು, ಕೆಳಗೆ ತಿಳಿ ನೀರು. ಹಾಕಿದ್ದು ಇಷ್ಟು: ಒಂದು ಕೆಜಿ ಬೀಫ್ (ತೊಡೆಯ ಭಾಗ, ಕೊಬ್ಬಿಲ್ಲದ್ದು), 2 ಕಪ್ ಸ್ಟಾಕ್ (ಮೂಳೆ, ತರಕಾರಿ ಬೇಯಿಸಿ ಸೋಸಿದ ನೀರು), ಒಂದು ಕಪ್ ಲೋ ಫ್ಯಾಟ್ ಸಾವರ್ ಕ್ರೀಮ್ (ಹುಳಿ ಬರಿಸಿದ ಕ್ರೀಮ್), ಅಣಬೆ, ಈರುಳ್ಳಿ, ಟೊಮೆಟೊ ಪೇಸ್ಟ್. ಮಾಂಸ ಬೆಂದಿದೆ, ಆದರೆ ಅಗಿಯೋಕೆ ಒಣ ಒಣ. ಇದನ್ನು ಸರಿ ಮಾಡೋಕೆ ಆಗುತ್ತಾ?

ಉತ್ತರ 1:
ಎಸೆಯಬೇಡಿ. ಕ್ರೀಮ್ ಒಡೆದಿದೆ ಅಷ್ಟೇ, ಕೆಟ್ಟಿಲ್ಲ. ಮಾಂಸ, ಅಣಬೆ ಎತ್ತಿ ಬೇರೆ ಇಡಿ. ಉಳಿದ ಗ್ರೇವಿಯನ್ನು ಬಾಣಲೆಗೆ ಸುರಿದು ಸ್ವಲ್ಪ ಕುದಿಸಿ ಇಳಿಸಿ, ಹ್ಯಾಂಡ್ ಬ್ಲೆಂಡರ್ ಇದ್ದರೆ ಚೆನ್ನಾಗಿ ಆಡಿಸಿ. ಆಮೇಲೆ 2 ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕಲಸಿ ಹಾಕಿ, ಮತ್ತೆ ಒಂದು ಕುದಿ ಬರಿಸಿ. ಮೊದಲಿನಷ್ಟು ನುಣುಪು ಬರದಿದ್ದರೂ ಬಡಿಸುವ ಹಾಗೆ ಆಗುತ್ತೆ.

ಯಾಕೆ ಹೀಗಾಯಿತು ಅಂದರೆ, ಹಾಲಿನ ಪದಾರ್ಥದಲ್ಲಿರುವ ಪ್ರೋಟೀನ್ ಬಿಸಿಗೆ, ಹುಳಿಗೆ ಗಟ್ಟಿಯಾಗಿ ಬೇರೆಯಾಗುತ್ತೆ. ಬಿಸಿ ಹಾಲಿಗೆ ನಿಂಬೆಹಣ್ಣು ಹಿಂಡಿದಾಗ ಆಗುವುದೂ ಇದೇ ಅಲ್ವಾ? ನಿಮ್ಮದರಲ್ಲಿ ಸಾವರ್ ಕ್ರೀಮ್ ಮೊದಲೇ ಹುಳಿ, ಟೊಮೆಟೊ ಇನ್ನಷ್ಟು ಹುಳಿ, ಮೇಲೆ 8 ಗಂಟೆ ಬಿಸಿ. ಕೊಬ್ಬು ಕಡಿಮೆ ಇದ್ದಷ್ಟೂ ಬೇಗ ಒಡೆಯುತ್ತೆ, ಅದಕ್ಕೇ ಲೋ ಫ್ಯಾಟ್ ಇಲ್ಲಿ ಬೇಡವೇ ಬೇಡ. ಶೇಕಡ 35ರಷ್ಟು ಕೊಬ್ಬಿರುವ ಕ್ರೀಮ್ ತುಂಬ ತಡೆದುಕೊಳ್ಳುತ್ತೆ. ಆದರೂ ಯಾವ ಕ್ರೀಮ್ ಆದರೂ ಕೊನೆಯಲ್ಲೇ ಹಾಕಿ. ಸಾವರ್ ಕ್ರೀಮ್ ಆದರೆ ಕುಕರ್ ಆಫ್ ಮಾಡಿ, ಒಂದು ಬಟ್ಟಲಲ್ಲಿ ಕ್ರೀಮಿಗೆ ಬಿಸಿ ಗ್ರೇವಿಯನ್ನು ಸೌಟು ಸೌಟಾಗಿ ಸೇರಿಸಿ ಕಲಸಿ, ಬೆಚ್ಚಗಾದ ಮೇಲೆ ಪಾತ್ರೆಗೆ ಸುರಿಯಿರಿ. ಆಮೇಲೆ ಕುದಿಸಬೇಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ನಾನು ಮಾಂಸ, ನೀರಿನ ಬಗ್ಗೆ ಹೇಳುತ್ತೇನೆ. ಸ್ಲೋ ಕುಕರಿನಲ್ಲಿ ಆವಿ ಹೊರಗೆ ಹೋಗುವುದು ತುಂಬ ಕಡಿಮೆ, ಮುಚ್ಚಳಕ್ಕೆ ತಾಗಿ ವಾಪಸ್ ಇಳಿಯುತ್ತೆ. ಅದರ ಜೊತೆಗೆ ಮಾಂಸ, ಅಣಬೆ, ಈರುಳ್ಳಿ ಮೂರೂ ನೀರು ಬಿಡುತ್ತವೆ, ಹಾಗಾಗಿ ಒಂದು ಕೆಜಿಗೆ ಮುಕ್ಕಾಲು ಕಪ್ ಸ್ಟಾಕ್ ಸಾಕು. ಅಣಬೆಯನ್ನು ಮೊದಲೇ ಬಾಣಲೆಯಲ್ಲಿ ನೀರು ಇಂಗುವವರೆಗೆ ಹುರಿದುಕೊಂಡರೆ ಇನ್ನೂ ಒಳ್ಳೆಯದು.

ಮಾಂಸ ಒಣಗಲು ಕಾರಣ ಆ ಭಾಗ. ಭುಜದ ಮಾಂಸ ತನ್ನಿ. ಅದರಲ್ಲಿ ನಾರಿನಂಥ ಕೊಲಾಜನ್ ಜಾಸ್ತಿ, ನಿಧಾನವಾಗಿ ಬೇಯುತ್ತಾ ಅದು ಜೆಲಟಿನ್ ಆಗಿ ಕರಗುತ್ತೆ, ಮಾಂಸಕ್ಕೂ ರಸ, ಗ್ರೇವಿಗೂ ಮೈ ಬರುತ್ತೆ. ಕೊಬ್ಬಿಲ್ಲದ ತೊಡೆಯ ಮಾಂಸದಲ್ಲಿ ಕರಗೋಕೆ ಅಷ್ಟು ಇರುವುದಿಲ್ಲ, ಹೊತ್ತು ಜಾಸ್ತಿಯಾದಷ್ಟೂ ಒಣಗುತ್ತೆ. ಇನ್ನೊಂದು, ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ಹಾಗೇ ಹಾಕಬೇಡಿ. ಅದು ಬಿಸಿಯಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ತುಂಬ ಹೊತ್ತು ಸಿಗುತ್ತೆ, ಫ್ರಿಜ್‌ನಲ್ಲಿಟ್ಟು ಪೂರ್ತಿ ಕರಗಿಸಿ.

ಪ್ರಶ್ನೆ ಕೇಳಿದವರು:
ಬ್ಲೆಂಡರ್ ಆಡಿಸಿ ಕಾರ್ನ್‌ಫ್ಲೋರ್ ಹಾಕಿದೆ, ಚೂರು ಕಾಣುತ್ತಿಲ್ಲ, ಗಟ್ಟಿಯೂ ಆಯಿತು. ಥ್ಯಾಂಕ್ಸ್! ಇನ್ನೊಂದು ಡೌಟು. ಮುಂದಿನ ಸಲ ‘ಹೈ’ ಸೆಟ್ಟಿಂಗ್‌ನಲ್ಲಿ ಇಟ್ಟರೆ ಬೇಗ ಆಗುತ್ತಲ್ಲ, ರುಚಿ ಕೆಡುತ್ತಾ?

ಉತ್ತರ 2:
ಕೆಡುವುದಿಲ್ಲ. ಸಾಮಾನ್ಯವಾಗಿ ಲೋ, ಹೈ ಎರಡೂ ಕೊನೆಗೆ ಹೆಚ್ಚು ಕಡಿಮೆ ಒಂದೇ ಬಿಸಿಗೆ ಬರುತ್ತವೆ, ಹೈನಲ್ಲಿ ಬೇಗ ಬರುತ್ತೆ ಅಷ್ಟೇ. ಭುಜದ ಮಾಂಸಕ್ಕೆ ಹೈನಲ್ಲಿ 4ರಿಂದ 5 ಗಂಟೆ ಇಟ್ಟು, ಫೋರ್ಕ್ ಚುಚ್ಚಿದರೆ ಸಲೀಸಾಗಿ ಬಿಡುತ್ತಾ ನೋಡಿ. ಆದರೆ ಸುಮ್ನೆ ಪದೇ ಪದೇ ಮುಚ್ಚಳ ತೆಗೆಯಬೇಡಿ, ಪ್ರತಿ ಸಲವೂ ಬಿಸಿ ಹೋಗಿ ಬೇಯುವ ಹೊತ್ತು ಜಾಸ್ತಿಯಾಗುತ್ತೆ.